ನೆಲ ಫಿಜಿಯವರದು, ದುಡಿಮೆ ಭಾರತೀಯರದು: ಗವರ್ನರ್ ಆರ್ಥರ್ ಗಾರ್ಡನ್‌ನ ಆಡಳಿತ

19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷರ ವಶದಲ್ಲಿದ್ದ ಸಣ್ಣ ದೊಡ್ಡ ದ್ವೀಪಗಳಲ್ಲಿ ಹೆಚ್ಚಿನವು 'ಕ್ರೌನ್ ಕಾಲೊನಿ'ಗಳಾಗಿದ್ದವು. ಚುನಾಯಿತ ಶಾಸನಸಭೆಯಾಗಲಿ ಅದಕ್ಕೆ ಉತ್ತರ ಹೇಳಬೇಕಾದ ಮಂತ್ರಿಮಂಡಲವಾಗಲಿ ಇಲ್ಲದೆ, ಲಂಡನ್ನಿನ ವಸಾಹತು ಕಚೇರಿ ತಾನು ನೇಮಿಸಿದ ಗವರ್ನರನ ಮೂಲಕ ನೇರವಾಗಿ ಆಳುತ್ತಿದ್ದ ಪ್ರದೇಶಕ್ಕೆ ಈ ಹೆಸರು. ಗವರ್ನರನ ಅವಧಿ ಸಾಮಾನ್ಯವಾಗಿ ಐದಾರು ವರ್ಷಗಳನ್ನು ಮೀರುತ್ತಿರಲಿಲ್ಲ. ಅದು ಮುಗಿದ ಮೇಲೆ ಅವನನ್ನು ಇನ್ನೊಂದು ಸಮುದ್ರದ ಇನ್ನೊಂದು ದ್ವೀಪಕ್ಕೆ ವರ್ಗ ಮಾಡಲಾಗುತ್ತಿದ್ದುದರಿಂದ, ಒಂದು ದ್ವೀಪದಲ್ಲಿ ಕಲಿತ ಪಾಠ, ಬೆಳೆಸಿಕೊಂಡ ಪೂರ್ವಗ್ರಹ, ಆಯ್ದುಕೊಂಡ ಅಧಿಕಾರಿಗಳು ಎಲ್ಲವೂ ಅವನ ಸಾಮಾನಿನೊಂದಿಗೆ ಹಡಗು ಹತ್ತಿ ಮುಂದಿನ ದ್ವೀಪವನ್ನು ಸೇರುತ್ತಿದ್ದವು. 1866ರಿಂದ 1890ರವರೆಗೆ ಟ್ರಿನಿಡಾಡ್, ಮಾರಿಷಸ್, ಫಿಜಿ, ನ್ಯೂಜಿಲೆಂಡ್ ಮತ್ತು ಇಂದು ಶ್ರೀಲಂಕಾ ಎನ್ನಲಾಗುವ ಸಿಲೋನ್‌ಗಳನ್ನು ಒಂದಾದ ಮೇಲೊಂದರಂತೆ ಆಳಿದ ಸರ್ ಆರ್ಥರ್ ಹ್ಯಾಮಿಲ್ಟನ್ ಗಾರ್ಡನ್‌ನ ವೃತ್ತಿಜೀವನದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮೂಲನಿವಾಸಿಗಳ ನೆಲವನ್ನು ಕಾಪಾಡಿದ ಗವರ್ನರನೆಂದು ಇತಿಹಾಸಕಾರರು ಅವನನ್ನು ಹೊಗಳಿದ್ದಾರೆ. ಆದರೆ ಆ ರಕ್ಷಣೆಯ ವೆಚ್ಚವನ್ನು ಕೊಟ್ಟವರು ಯಾರು ಎಂಬುದನ್ನು ಕೇಳದೆ ಆ ಹೊಗಳಿಕೆಯನ್ನು ಒಪ್ಪಲಾಗದು.

ಗಾರ್ಡನ್ ಹುಟ್ಟಿದ್ದು 1829ರ ನವೆಂಬರ್ 26ರಂದು. 1852ರಿಂದ 1855ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಅಬರ್ಡೀನ್ ಪ್ರಭುವಿನ ಕಿರಿಯ ಮಗನಾದ ಆತ ತಂದೆಯ ಆಪ್ತ ಕಾರ್ಯದರ್ಶಿಯಾಗಿ ದುಡಿದು, 1858ರಲ್ಲಿ ರಾಜಕಾರಣಿ ಗ್ಲ್ಯಾಡ್‌ಸ್ಟನ್ ಗ್ರೀಸಿನ ಬಳಿಯ ಅಯೋನಿಯನ್ ದ್ವೀಪಗಳಿಗೆ ವಿಶೇಷ ಆಯುಕ್ತನಾಗಿ ಹೋದಾಗ ಅವನ ಜೊತೆಗಿದ್ದನು. 1861ರಲ್ಲಿ ಉತ್ತರ ಅಮೆರಿಕದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಲೆಫ್ಟಿನೆಂಟ್ ಗವರ್ನರನಾಗಿ ನೇಮಕಗೊಂಡಾಗ ಅಲ್ಲಿ ಚುನಾಯಿತ ಮಂತ್ರಿಗಳೇ ಆಡಳಿತ ನಡೆಸುತ್ತಿದ್ದು, ಅವರ ಸಲಹೆಗೆ ಮೊಹರು ಒತ್ತುವುದು ಬಿಟ್ಟು ಗವರ್ನರನಿಗೆ ಹೆಚ್ಚಿನ ಕೆಲಸವಿರಲಿಲ್ಲ. ಹಿರಿಯ ಕುಲದ ಹೆಮ್ಮೆ, ಆಳವಾದ ದೈವಭಕ್ತಿ ಮತ್ತು ತನ್ನ ತೀರ್ಪಿನ ಮೇಲಿನ ಅಚಲ ನಂಬಿಕೆ, ಈ ಮೂರೂ ಕೂಡಿದ ಆತನಿಗೆ ಅದು ಸಹಿಸಲಾಗದ ಸ್ಥಿತಿಯಾಗಿತ್ತು. ವಲಸೆ ಬಂದ ಬಿಳಿಯರ ಕೈಗೆ ಸ್ವಯಮಾಡಳಿತ ಕೊಟ್ಟರೆ ಅವರು ತಮ್ಮ ಹಿತವನ್ನೇ ನೋಡಿಕೊಳ್ಳುತ್ತಾರೆ ಎಂಬ ಅಭಿಪ್ರಾಯ ಆತನ ಮುಂದಿನ ವೃತ್ತಿಜೀವನದುದ್ದಕ್ಕೂ ಬದಲಾಗಲಿಲ್ಲ.

ಟ್ರಿನಿಡಾಡ್ ಆತ ಸ್ವಂತ ಅಧಿಕಾರದಿಂದ ಆಳಿದ ಮೊದಲ ದ್ವೀಪ. ಗುಲಾಮಗಿರಿ ನಿಂತ ಮೇಲೆ ಅಲ್ಲಿನ ಕಬ್ಬಿನ ತೋಟಗಳಿಗೆ 1845ರಿಂದ ಭಾರತೀಯ ಕರಾರು ಕೂಲಿಗಳನ್ನು ತರಲಾಗುತ್ತಿತ್ತು. 'ಕರಾರು ಕೂಲಿ' ಎಂದರೆ ಗೊತ್ತಾದ ಕೂಲಿಗೆ ಗೊತ್ತಾದ ವರ್ಷಗಳ ಕಾಲ ಒಬ್ಬನೇ ಧಣಿಯಲ್ಲಿ ದುಡಿಯುವುದಾಗಿ ಬರಹದಲ್ಲಿ ಒಪ್ಪಿಕೊಂಡವನು. ಆ ಒಪ್ಪಂದ ಮುರಿದರೆ ಅದು ಸಿವಿಲ್ ವ್ಯಾಜ್ಯವಾಗುತ್ತಿರಲಿಲ್ಲ, ಜೈಲಿಗೆ ಕಳುಹಿಸಬಹುದಾದ ಅಪರಾಧವಾಗುತ್ತಿತ್ತು. ಸರ್ಕಾರಿ ಪಾಳು ಭೂಮಿಯನ್ನು ಸಣ್ಣ ಹಿಡುವಳಿಗಳಾಗಿ ಒಡೆದು ಬಡವರಿಗೂ ಎಟಕುವ ಬೆಲೆಗೆ ಮಾರುವ ಕ್ರಮವನ್ನು ಗಾರ್ಡನ್ ತಂದನು. ಅವಧಿ ಮುಗಿಸಿ ತವರಿಗೆ ಮರಳುವ ಹಕ್ಕು ಪಡೆದ ಭಾರತೀಯರಿಗೆ ಹಡಗಿನ ಖರ್ಚಿನ ಬದಲು ಜಮೀನು ಕೊಡುವ ಏರ್ಪಾಡು 1869ರಲ್ಲಿ ಆರಂಭವಾಯಿತು. ಇದರಿಂದ ಸರ್ಕಾರಕ್ಕೆ ಹಡಗಿನ ವೆಚ್ಚ ಉಳಿಯಿತು, ಕೂಲಿಯವನಿಗೆ ಒಂದು ತುಂಡು ನೆಲ ದಕ್ಕಿತು.

1871ರಲ್ಲಿ ಮಾರಿಷಸ್ಸಿಗೆ ಬಂದಾಗ ಗಾರ್ಡನ್ ಕಂಡ ದೃಶ್ಯ ಬೇರೆಯೇ ಇತ್ತು. ದ್ವೀಪದ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಭಾರತೀಯರೇ ಆಗಿದ್ದರೂ, ನೆಲ, ಸಕ್ಕರೆ, ನ್ಯಾಯಾಲಯ ಮತ್ತು ಪತ್ರಿಕೆಗಳು ಫ್ರೆಂಚ್ ಮೂಲದ ತೋಟದ ಮಾಲೀಕರ ಹಿಡಿತದಲ್ಲಿದ್ದವು. 1867ರ ಕಾರ್ಮಿಕ ಕಾನೂನು ಕರಾರು ಮುಗಿಸಿದವರನ್ನೂ ಬಿಟ್ಟಿರಲಿಲ್ಲ. 'ಹಳೆಯ ವಲಸಿಗ'ರೆಂದು ಕರೆಯಲ್ಪಡುತ್ತಿದ್ದ ಇವರು ತಮ್ಮ ಭಾವಚಿತ್ರ ಅಂಟಿಸಿದ ಚೀಟಿಯನ್ನೂ ಪೊಲೀಸ್ ಪರವಾನಿಗೆಯನ್ನೂ ಸದಾ ಮೈಮೇಲೆ ಇಟ್ಟುಕೊಂಡೇ ಓಡಾಡಬೇಕಾಗಿತ್ತು. ಅದಿಲ್ಲದೆ ಸಿಕ್ಕಿಬಿದ್ದವರು 'ಅಲೆಮಾರಿ'ಗಳೆಂಬ ಹೆಸರಿನಲ್ಲಿ ಬಂಧನಕ್ಕೊಳಗಾಗುತ್ತಿದ್ದರು. ತೋಟಗಳಲ್ಲಿ 'ಇಮ್ಮಡಿ ಕಡಿತ' ಎಂಬ ಪದ್ಧತಿಯಿದ್ದು, ಒಂದು ದಿನ ಕೆಲಸಕ್ಕೆ ಬಾರದವನ ಎರಡು ದಿನದ ಕೂಲಿಯನ್ನು ಮುರಿದುಕೊಳ್ಳಲಾಗುತ್ತಿತ್ತು. ಹೀಗಾಗಿ ಕಾಯಿಲೆ ಬಿದ್ದವನು ತಿಂಗಳ ಕೊನೆಗೆ ಧಣಿಗೇ ಸಾಲಗಾರನಾಗುವುದೂ ಇತ್ತು.

ಈ ಅನ್ಯಾಯವನ್ನು ಬಯಲಿಗೆಳೆದವನು ಅಡಾಲ್ಫ್ ದ ಪ್ಲೆವಿಟ್ಸ್ ಎಂಬ ಯೂರೋಪಿನ ಸಣ್ಣ ತೋಟಗಾರ. ಆತ ಭಾರತೀಯರ ಪರವಾಗಿ ಮನವಿಯೊಂದನ್ನು ಬರೆದು, 9,000ಕ್ಕೂ ಹೆಚ್ಚು ಜನರ ರುಜು ಮತ್ತು ಗುರುತು ಹಾಕಿಸಿ, 1871ರ ಜೂನ್ ತಿಂಗಳಲ್ಲಿ ಗವರ್ನರನಿಗೆ ಒಪ್ಪಿಸಿದನು. ಮಾಲೀಕರು ಕೆರಳಿದರು, ಪ್ಲೆವಿಟ್ಸ್‌ನ ಮೇಲೆ ಬೀದಿಯಲ್ಲೇ ಹಲ್ಲೆ ನಡೆಯಿತು, ಅವನನ್ನು ಗಡಿಪಾರು ಮಾಡಬೇಕೆಂದು ಪ್ರತಿಮನವಿಯೂ ಬಂದಿತು. ಗಾರ್ಡನ್ ಅದನ್ನು ತಿರಸ್ಕರಿಸಿದ್ದಲ್ಲದೆ, ಪೊಲೀಸರ ನಡವಳಿಕೆಯ ಬಗ್ಗೆ ತನಿಖೆ ನಡೆಸಿ, ಇಡೀ ವ್ಯವಸ್ಥೆಯ ವಿಚಾರಣೆಗೆ ರಾಯಲ್ ಕಮಿಷನ್, ಅಂದರೆ ರಾಣಿಯ ಹೆಸರಿನಲ್ಲಿ ನೇಮಕವಾಗುವ ಉನ್ನತ ಆಯೋಗ ಬೇಕೆಂದು ಲಂಡನ್ನಿಗೆ ಬರೆದನು. ವಿಲಿಯಂ ಫ್ರಿಯರ್ ಮತ್ತು ವಿಕ್ಟರ್ ವಿಲಿಯಂಸನ್ ಇದ್ದ ಆ ಆಯೋಗ 1872ರಲ್ಲಿ ದ್ವೀಪಕ್ಕೆ ಬಂದು, 1875ರಲ್ಲಿ ವರದಿ ಸಲ್ಲಿಸಿ, ದೂರುಗಳಲ್ಲಿ ಬಹುಪಾಲು ನಿಜವೆಂದು ಎತ್ತಿಹಿಡಿಯಿತು. ಬಲಿಷ್ಠರ ಹಗೆಯನ್ನು ಕಟ್ಟಿಕೊಂಡು ಮೂಕರಾಗಿದ್ದ ಸಾವಿರಾರು ಕೂಲಿಗಳ ಮಾತನ್ನು ಲಂಡನ್ನಿಗೆ ಮುಟ್ಟಿಸಿದ್ದು ಗಾರ್ಡನ್‌ನ ಬದುಕಿನ ಅತ್ಯಂತ ಗೌರವಾರ್ಹ ಕೆಲಸವೆಂದು ಹೇಳಲು ಅಡ್ಡಿಯಿಲ್ಲ. ಕರಾರು ಕೂಲಿ ಪದ್ಧತಿ ಮನುಷ್ಯರನ್ನು ಏನು ಮಾಡುತ್ತದೆಂಬುದು ಆತನಿಗೆ ಚೆನ್ನಾಗಿ ತಿಳಿದಿತ್ತೆಂಬುದನ್ನೂ ಇದೇ ಪ್ರಕರಣ ತೋರಿಸುತ್ತದೆ. ಫಿಜಿಯ ಕಥೆಯನ್ನು ಓದುವಾಗ ಈ ಸಂಗತಿಯನ್ನು ಮರೆಯಬಾರದು.

ದಕ್ಷಿಣ ಶಾಂತಸಾಗರದ ಫಿಜಿ ದ್ವೀಪಸಮೂಹವನ್ನು ಬಾವು ಎಂಬ ಪುಟ್ಟ ದ್ವೀಪದ ಅಧಿಪತಿ ಥಾಕೊಂಬೌ ಮತ್ತು ಇತರ ಮುಖಂಡರು 1874ರ ಅಕ್ಟೋಬರ್ 10ರಂದು ಲೆವುಕಾದಲ್ಲಿ ಬ್ರಿಟಿಷ್ ರಾಣಿಗೆ ಬಿಟ್ಟುಕೊಟ್ಟಿದ್ದರು. ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಹತ್ತಿಯ ಬೆಲೆ ಏರಿದಾಗ ಅಲ್ಲಿಗೆ ನುಗ್ಗಿದ ಬಿಳಿಯರು ಬಂದೂಕು, ಬಟ್ಟೆ, ಹೆಂಡ ಕೊಟ್ಟು ಮುಖಂಡರಿಂದ ನೆಲ ಬರೆಸಿಕೊಂಡಿದ್ದರು. ಹತ್ತಿಯ ಬೆಲೆ ಕುಸಿದ ಮೇಲೆ ಸಾಲದಲ್ಲಿ ಮುಳುಗಿದ ಅವರು ಹೊಸ ಸರ್ಕಾರ ತಮ್ಮನ್ನು ಕೈಹಿಡಿದೆತ್ತಬಹುದೆಂದು ಕಾದಿದ್ದರು. ಗಾರ್ಡನ್ 1875ರ ಜೂನಿನಲ್ಲಿ ಬರುವ ಮೊದಲೇ ದ್ವೀಪಗಳಿಗೆ ಘೋರವಾದ ಪೆಟ್ಟು ಬಿದ್ದಿತ್ತು. ಸಿಡ್ನಿಗೆ ಹೋಗಿದ್ದ ಥಾಕೊಂಬೌ ಪರಿವಾರದೊಂದಿಗೆ ಮರಳಿದ 'ಡೈಡೊ' ಎಂಬ ಯುದ್ಧನೌಕೆಯಲ್ಲಿ ದಡಾರ ರೋಗ ಬಂದಿಳಿಯಿತು. ಆ ರೋಗವನ್ನೇ ಕಂಡರಿಯದ ಜನ ಹಳ್ಳಿ ಹಳ್ಳಿಗಳಲ್ಲಿ ಆರೈಕೆ ಮಾಡುವವರೂ ಇಲ್ಲದೆ ಸತ್ತರು. ಸುಮಾರು 1,50,000 ಜನರಲ್ಲಿ 40,000ದಷ್ಟು ಜನ ಕೆಲವೇ ತಿಂಗಳಲ್ಲಿ ತೀರಿಹೋದರೆಂಬ ಅಂದಾಜಿದೆ.

ಈ ಸಾವಿನ ನೆರಳಿನಲ್ಲಿ ಗಾರ್ಡನ್ ತನ್ನ ಆಡಳಿತದ ತಳಹದಿ ಹಾಕಿದನು. ಫಿಜಿಯ ಜನರನ್ನು ಊರು ಬಿಡಿಸಿ ತೋಟಗಳಿಗೆ ಅಟ್ಟಿದರೆ ಆ ಜನಾಂಗವೇ ಅಳಿದುಹೋಗುತ್ತದೆ, ಆದ್ದರಿಂದ ಅವರು ತಮ್ಮ ಹಳ್ಳಿಯಲ್ಲಿ, ತಮ್ಮ ಮುಖಂಡರ ಕೆಳಗೆ, ತಮ್ಮ ಸಂಪ್ರದಾಯದಂತೆ ಬಾಳಬೇಕು ಎಂಬುದು ಆತನ ನಿಲುವು. ಪ್ರತಿ ಪ್ರಾಂತಕ್ಕೆ 'ರೊಕೊ ತುಯಿ', ಅದರ ಕೆಳಗಿನ ವಿಭಾಗಕ್ಕೆ 'ಬುಲಿ', ಹಳ್ಳಿಗೆ 'ತುರಂಗಾ ನಿ ಕೊರೊ' ಎಂಬ ಊರ ಯಜಮಾನ, ಹೀಗೆ ಇದ್ದ ಸ್ಥಾನಮಾನಗಳನ್ನು ಸರಕಾರಿ ಹುದ್ದೆಗಳನ್ನಾಗಿ ಮಾಡಿ, ಎಲ್ಲಕ್ಕೂ ಮೇಲೆ 'ಬೊಸೆ ವಕತುರಂಗಾ' ಎಂಬ ಮುಖಂಡರ ಮಹಾಸಭೆಯನ್ನು ಕೂಡಿಸಲಾಯಿತು. ತಾನೇ ಆ ಶ್ರೇಣಿಯ ಅತ್ಯುನ್ನತ ಮುಖಂಡನೆಂಬಂತೆ ಗಾರ್ಡನ್ ಕಾಣಿಕೆ, ಗೌರವಗಳನ್ನು ಸ್ವೀಕರಿಸಿದನು. ಕಂದಾಯವನ್ನು ತಲೆಗಿಷ್ಟು ಹಣವೆಂದು ಹೇರಿದರೆ ಜನ ಆ ಹಣಕ್ಕಾಗಿ ತೋಟಕ್ಕೆ ಹೋಗಲೇಬೇಕಾಗುತ್ತದೆಂದು ಬಗೆದು, ಪ್ರತಿ ಪ್ರಾಂತವೂ ತನ್ನ ಪಾಲನ್ನು ಕೊಬ್ಬರಿ, ಹತ್ತಿ, ಮುಸುಕಿನ ಜೋಳ, ಹೊಗೆಸೊಪ್ಪು ಮುಂತಾದ ಬೆಳೆಯ ರೂಪದಲ್ಲಿಯೇ ಸಲ್ಲಿಸುವಂತೆ ಏರ್ಪಾಟು ಮಾಡಲಾಯಿತು. ಸರ್ಕಾರ ಆ ಬೆಳೆಯನ್ನು ಟೆಂಡರ್ ಕರೆದು ಮಾರಿ, ಗೊತ್ತುಪಡಿಸಿದ ಮೊತ್ತಕ್ಕಿಂತ ಹೆಚ್ಚು ಬಂದರೆ ಆ ಹೆಚ್ಚುವರಿಯನ್ನು ಪ್ರಾಂತಕ್ಕೆ ಹಿಂದಿರುಗಿಸುತ್ತಿತ್ತು. ಅಗ್ಗದ ಕೂಲಿಗಾಗಿ ಕಾದಿದ್ದ ಬಿಳಿಯ ತೋಟಗಾರರಿಗೆ ಇದು ನುಂಗಲಾರದ ತುತ್ತಾಯಿತು.

ನೆಲದ ವಿಷಯದಲ್ಲಿ ಆತ ಇನ್ನೂ ಗಟ್ಟಿಯಾಗಿ ನಿಂತನು. ದ್ವೀಪಗಳನ್ನು ರಾಣಿಗೆ ಬಿಟ್ಟುಕೊಟ್ಟ ಪತ್ರದ ಮಾತುಗಳನ್ನು ಬಿಗಿಯಾಗಿ ಓದಿದರೆ, ಬಿಳಿಯರಿಗೆ ಮಾರದೆ ಉಳಿದಿದ್ದ, ಮುಖಂಡರು ಮತ್ತು ಕುಲಗಳು ಬಳಸದೆ ಇದ್ದ ಭೂಮಿಯೆಲ್ಲ ರಾಣಿಯದೆಂದು ಸಾಧಿಸಬಹುದಾಗಿತ್ತು; ಗಾರ್ಡನ್ ಹಾಗೆ ಓದಲಿಲ್ಲ. ಬಿಳಿಯರು ತಮ್ಮದೆಂದು ಹೇಳಿಕೊಂಡ ಜಮೀನಿನಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಒಪ್ಪಲಾಯಿತು. ಉಳಿದದ್ದನ್ನು 'ಮತಂಗಲಿ', ಅಂದರೆ ಒಂದೇ ಮೂಲಪುರುಷನಿಂದ ಬಂದವರೆಂದು ನಂಬುವ ಕುಲಘಟಕಗಳ ಸಾಮೂಹಿಕ ಸೊತ್ತೆಂದೂ ಅದನ್ನು ಹೊರಗಿನವರಿಗೆ ಮಾರುವಂತಿಲ್ಲವೆಂದೂ ವಿಧಿಸಲಾಯಿತು. ಇಂದಿಗೂ ಫಿಜಿಯ ಭೂಮಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಅಲ್ಲಿನ ಮೂಲನಿವಾಸಿಗಳ ಕೈಯಲ್ಲಿಯೇ ಉಳಿದಿದೆ. ಆದರೆ ದ್ವೀಪಗಳಲ್ಲೆಲ್ಲ ಒಂದೇ ಬಗೆಯ ಭೂಪದ್ಧತಿ ಇರಲಿಲ್ಲವೆಂದೂ, ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತಿದ್ದ ರೂಢಿಗಳನ್ನು ಗಾರ್ಡನ್‌ನ ಸರ್ಕಾರ ಒಂದೇ ಅಚ್ಚಿಗೆ ಎರಕ ಹೊಯ್ದು ಅದನ್ನೇ 'ಅನಾದಿ ಸಂಪ್ರದಾಯ'ವೆಂದು ಕರೆಯಿತೆಂದೂ ಪೀಟರ್ ಫ್ರಾನ್ಸ್ ಎಂಬ ಇತಿಹಾಸಕಾರ 1969ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿದ್ದಾನೆ. ಹೊಸ ವ್ಯವಸ್ಥೆಗೆ ತಲೆಬಾಗದವರ ಪಾಲಿಗೆ ಗವರ್ನರ್ ಮೃದುವಾಗಿಯೂ ಇರಲಿಲ್ಲ. ವಿತಿ ಲೆವು ದ್ವೀಪದ ಒಳನಾಡಿನ ಬೆಟ್ಟದ ಜನ 1876ರಲ್ಲಿ ದಂಗೆಯೆದ್ದಾಗ, ಬ್ರಿಟಿಷ್ ಸೈನ್ಯವನ್ನು ಕರೆಸದೆ ಫಿಜಿಯವರದೇ ದಳಗಳನ್ನು ಕಳುಹಿಸಿ ಅದನ್ನು ಅಡಗಿಸಲಾಯಿತು. ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಲಾಯಿತು.

ಫಿಜಿಯವರನ್ನು ಕೂಲಿಗೆ ಹಚ್ಚಬಾರದು, ಆದರೆ ವಸಾಹತು ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳಬೇಕು ಎಂಬ ಎರಡು ಷರತ್ತುಗಳ ನಡುವೆ ಗಾರ್ಡನ್‌ಗೆ ಕಂಡ ದಾರಿ ಒಂದೇ ಆಗಿತ್ತು. ಟ್ರಿನಿಡಾಡ್ ಮತ್ತು ಮಾರಿಷಸ್‌ಗಳಲ್ಲಿ ಕಬ್ಬು ಬೆಳೆಸಿ ಬೊಕ್ಕಸ ತುಂಬಿಸಿದ್ದ ಭಾರತೀಯ ಕೂಲಿಗಳನ್ನೇ ಇಲ್ಲಿಗೂ ತರಿಸಲು ಆತ ನಿಶ್ಚಯಿಸಿದನು. ಹತ್ತಿರದ ದ್ವೀಪಗಳಿಂದ ಬರುತ್ತಿದ್ದ ಆಳುಗಳಿಗೆ ಒಗ್ಗಿದ್ದ ತೋಟಗಾರರು ಮೊದಲು ಈ ಯೋಜನೆಗೆ ಉತ್ಸಾಹ ತೋರಲಿಲ್ಲ. ಅದನ್ನು ಹೊತ್ತು ಭಾರತ ಸರ್ಕಾರದೊಂದಿಗೆ ವ್ಯವಹರಿಸಿ ಒಪ್ಪಿಗೆ ಪಡೆದದ್ದು ಗವರ್ನರನ ಆಡಳಿತವೇ. ಕಲ್ಕತ್ತೆಯಿಂದ ಹೊರಟ 'ಲಿಯೊನಿಡಾಸ್' ಎಂಬ ಹಾಯಿಹಡಗು 1879ರ ಮೇ 14ರಂದು ಲೆವುಕಾ ಮುಟ್ಟಿ, ದಾರಿಯಲ್ಲಿ ಕಾಲರಾ ಮತ್ತು ಸಿಡುಬಿಗೆ ಹಲವರನ್ನು ಕಳೆದುಕೊಂಡು ಬದುಕುಳಿದಿದ್ದ 463 ಮಂದಿಯನ್ನು ತಂದಿತು. ಆ ದಿನ ಗಾರ್ಡನ್ ರಜೆಯ ಮೇಲೆ ದ್ವೀಪದಿಂದ ದೂರವಿದ್ದನು. ಅವನ ಸ್ಥಾನದಲ್ಲಿದ್ದ ವಿಲಿಯಂ ಡಿ ವೋ ಹತ್ತು ವರ್ಷಗಳ ಹಿಂದೆ ಬ್ರಿಟಿಷ್ ಗಯಾನಾದಲ್ಲಿ ಭಾರತೀಯ ಕೂಲಿಗಳಿಗಾಗುತ್ತಿದ್ದ ಅನ್ಯಾಯದ ಬಗ್ಗೆ ಲಂಡನ್ನಿಗೆ ದೀರ್ಘವಾದ ದೂರು ಬರೆದು, ಅದರಿಂದಲೇ ತನಿಖಾ ಆಯೋಗವೊಂದು ನೇಮಕವಾಗುವಂತೆ ಮಾಡಿದ್ದವನು. ಕರಾರು ಪದ್ಧತಿಯ ಕೇಡನ್ನು ಲಂಡನ್ನಿಗೆ ಎತ್ತಿ ತೋರಿಸಿದ್ದ ಈ ಇಬ್ಬರ ಆಡಳಿತದಲ್ಲಿಯೇ ಅದು ಫಿಜಿಯಲ್ಲಿ ಬೇರೂರಿತು. ನಿಯಮಗಳನ್ನು ಸರಿಪಡಿಸಿ, ಮೇಲ್ವಿಚಾರಣೆಗೆ ಅಧಿಕಾರಿಯನ್ನು ನೇಮಿಸಿದರೆ ಕೇಡು ತಪ್ಪುತ್ತದೆಂದು ಅವರು ನಂಬಿದ್ದಿರಬೇಕು. ಆದರೆ ದೋಷವಿದ್ದದ್ದು ನಿಯಮಗಳ ಸಡಿಲಿನಲ್ಲಲ್ಲ, ದುಡಿಯುವವನು ಧಣಿಯನ್ನು ಬಿಟ್ಟು ಹೋಗಲಾರದಂತೆ ಕಟ್ಟಿಹಾಕುವ ಕರಾರಿನಲ್ಲಿಯೇ.

ಆಸ್ಟ್ರೇಲಿಯದ ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿ ಗಾರ್ಡನ್‌ನ ಆಡಳಿತದ ಆಹ್ವಾನದಂತೆ ಬಂದು, 1882ರಲ್ಲಿ ನೌಸೊರಿಯಲ್ಲಿ ಗಿರಣಿ ಆರಂಭಿಸಿದ ಮೇಲೆ ಭಾರತೀಯರ ಆಮದು ವರ್ಷದಿಂದ ವರ್ಷಕ್ಕೆ ಹೆಚ್ಚಿತು. 1916ರಲ್ಲಿ ಕೊನೆಯ ಹಡಗು ಬರುವ ಹೊತ್ತಿಗೆ 60,000ಕ್ಕೂ ಹೆಚ್ಚು ಜನ ಅಲ್ಲಿಗೆ ಸಾಗಿಸಲ್ಪಟ್ಟಿದ್ದರು. ಮೊದಲು ಎಲ್ಲರೂ ಕಲ್ಕತ್ತೆಯ ಮೂಲಕ ಬಂದವರಾದರೆ, 1903ರಿಂದ ಮದರಾಸಿನಿಂದಲೂ ಹಡಗುಗಳು ಹೊರಟವು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳೂ ಆಗ ಸೇರಿದ್ದ ಆ ಪ್ರಾಂತದಿಂದ ಹೋದವರಲ್ಲಿ ಹೆಚ್ಚಿನವರು ತಮಿಳರು ಮತ್ತು ತೆಲುಗರು. 'ಅಗ್ರಿಮೆಂಟ್' ಎಂಬ ಇಂಗ್ಲಿಷ್ ಪದ ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು, ಅದಕ್ಕೆ ಒಳಪಟ್ಟವರು 'ಗಿರ್ಮಿಟಿಯಾ'ಗಳಾದರು. ಕರಾರಿನ ಅವಧಿ 5 ವರ್ಷ. ತವರಿಗೆ ಮರಳಲು ಉಚಿತ ಪ್ರಯಾಣ ಬೇಕಾದರೆ ಇನ್ನೂ 5 ವರ್ಷ ದ್ವೀಪದಲ್ಲಿಯೇ ಇರಬೇಕು. ಪ್ರತಿ 100 ಗಂಡಸರಿಗೆ 40 ಹೆಂಗಸರು ಎಂಬ ಲೆಕ್ಕದಲ್ಲಿ ಜನರನ್ನು ಸೇರಿಸಲಾಗುತ್ತಿತ್ತು. ಗಂಡಸಿಗೆ ಗೊತ್ತುಮಾಡಿದ ಕೆಲಸ ಮುಗಿಸಿದರೆ ದಿನಕ್ಕೆ 1 ಷಿಲಿಂಗ್, ಹೆಂಗಸಿಗೆ 9 ಪೆನ್ನಿ; ಕೆಲಸ ಪೂರ್ತಿಯಾಗದಿದ್ದರೆ ಆ ಕೂಲಿಯಲ್ಲಿಯೂ ಕಡಿತ. 'ಕೂಲಿ ಲೈನು'ಗಳೆಂಬ ಉದ್ದನೆಯ ಸಾಲುಮನೆಗಳಲ್ಲಿ ಹತ್ತಡಿ ಉದ್ದ ಏಳಡಿ ಅಗಲದ ಒಂದೊಂದು ಕೋಣೆಯಲ್ಲಿ ಮೂವರು ಗಂಡಸರು ಅಥವಾ ಒಂದು ಸಂಸಾರ ಬಾಳಬೇಕಾಗಿತ್ತು. ಆ ಬಾಳಿಗೆ ಅವರೇ ಇಟ್ಟ ಹೆಸರು 'ನರಕ'. ಮಾರಿಷಸ್ಸಿನ ಕೂಲಿಯ ಮಾತು ಗವರ್ನರನ ಕಿವಿಗೆ ಬಿದ್ದಂತೆ ಫಿಜಿಯ ಕೂಲಿಯ ಮಾತು ಬೀಳಲಿಲ್ಲ. ಅದು ಹೊರಲೋಕಕ್ಕೆ ಕೇಳಿಸಿದ್ದು ಗಿರ್ಮಿಟಿಯಾ ಆಗಿ ದುಡಿದು ಮರಳಿದ ತೋತಾರಾಮ್ ಸನಾಢ್ಯರು ತಮ್ಮ ಅಲ್ಲಿನ 21 ವರ್ಷಗಳ ಅನುಭವವನ್ನು ಹಿಂದಿಯಲ್ಲಿ ಪ್ರಕಟಿಸಿದ ಮೇಲೆ, ಸಿ.ಎಫ್. ಆಂಡ್ರೂಸ್ ಮುಂತಾದವರು ದ್ವೀಪಕ್ಕೆ ಹೋಗಿ ನೋಡಿಬಂದ ಮೇಲೆ. ಉಳಿದಿದ್ದ ಎಲ್ಲ ಕರಾರುಗಳನ್ನು 1920ರ ಜನವರಿ 1ರಂದು ರದ್ದುಪಡಿಸಲಾಯಿತು.

1880ರಲ್ಲಿ ಗಾರ್ಡನ್ ನ್ಯೂಜಿಲೆಂಡಿಗೆ ವರ್ಗವಾದನು. ಅದು ಚುನಾಯಿತ ಸರ್ಕಾರವಿದ್ದ ವಸಾಹತು. ಅವನ ಅಧಿಕಾರಕ್ಕೆ ಅಲ್ಲಿ ಹಲ್ಲಿರಲಿಲ್ಲ. ತಾರಾನಾಕಿ ಪ್ರಾಂತದ ಪರಿಹಾಕಾ ಎಂಬ ಊರಿನಲ್ಲಿ ತೆ ವಿಟಿ ಎಂಬ ಮೂಲನಿವಾಸಿ ಮಾವೊರಿ ಮುಖಂಡ ತನ್ನ ಜನರ ನೆಲದ ಸರ್ವೆಯನ್ನು ಶಸ್ತ್ರ ಹಿಡಿಯದೆ ಎದುರಿಸುತ್ತಿದ್ದನು. ಗವರ್ನರನ ಸಹಾನುಭೂತಿ ಮಾವೊರಿಗಳ ಕಡೆಗಿತ್ತು. ಆತ ಫಿಜಿಗೆ ಹೋಗಿದ್ದಾಗ ಮಂತ್ರಿಗಳು ತರಾತುರಿಯಲ್ಲಿ ಕಠಿಣ ಘೋಷಣೆಯೊಂದನ್ನು ಹೊರಡಿಸಿದರು. 1881ರ ನವೆಂಬರ್ 5ರಂದು ಸುಮಾರು 1,600 ಮಂದಿ ಶಸ್ತ್ರಧಾರಿಗಳು ಪರಿಹಾಕಾಕ್ಕೆ ನುಗ್ಗಿ ತೆ ವಿಟಿಯನ್ನು ಬಂಧಿಸಿದರು. ಅಸಹಾಯಕನಾದ ಗಾರ್ಡನ್ ಮರುವರ್ಷ ರಾಜೀನಾಮೆ ಕೊಟ್ಟನು.

1883ರ ಕೊನೆಗೆ ಆತ ಸಿಲೋನ್ ಸೇರಿದಾಗ ಅಲ್ಲಿನ ಕಾಫಿ ಸಾಯುತ್ತಿತ್ತು. 1869ರಲ್ಲಿ ಕಾಣಿಸಿಕೊಂಡು ಮುಂದೆ ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರನ್ನೂ ಕಾಡಿದ ಎಲೆತುಕ್ಕು ರೋಗ ದ್ವೀಪದ ಕಾಫಿ ತೋಟಗಳನ್ನು ಬೋಳು ಮಾಡಿತ್ತು. ತೋಟಗಾರರಿಗೆ ಸಾಲ ಕೊಟ್ಟಿದ್ದ ಓರಿಯಂಟಲ್ ಬ್ಯಾಂಕ್ 1884ರ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿತು. ಆ ಬ್ಯಾಂಕಿನ ನೋಟುಗಳೇ ಜನರ ಕೈಯಲ್ಲಿ ಓಡಾಡುತ್ತಿದ್ದುದರಿಂದ ಮಾರುಕಟ್ಟೆ ಸ್ತಬ್ಧವಾಗುವುದರಲ್ಲಿತ್ತು. ಲಂಡನ್ನಿನ ಅಪ್ಪಣೆಗೆ ಕಾಯದೆ ಗಾರ್ಡನ್ ಆ ನೋಟುಗಳಿಗೆ ಸರ್ಕಾರವೇ ಹೊಣೆಯೆಂದು ಸಾರಿ ಗಾಬರಿಯನ್ನು ತಡೆದನು. ಇಷ್ಟು ದೃಢವಾದ ನಿರ್ಧಾರ ಚುನಾಯಿತ ಸಭೆಯ ಚರ್ಚೆಯಲ್ಲಿ ಅಷ್ಟು ಬೇಗ ಹುಟ್ಟುತ್ತಿರಲಿಲ್ಲವೆಂಬುದನ್ನು ಒಪ್ಪಬೇಕು.

ಕಾಫಿ ಹೋದ ಮೇಲೆ ಆತನ ಗಮನ ಭತ್ತದ ರೈತನ ಕಡೆಗೆ ಹರಿಯಿತು. 5ನೆಯ ಶತಮಾನದಲ್ಲಿ ಧಾತುಸೇನ ರಾಜ ಕಟ್ಟಿಸಿದ ಕಲಾವೆವ ಕೆರೆ ಶತಮಾನಗಳಿಂದ ಒಡೆದು ಕಾಡು ಬೆಳೆದು ನಿಂತಿತ್ತು. 'ವೆವ' ಎಂದರೆ ಸಿಂಹಳದಲ್ಲಿ ಕೆರೆ. ಏರಿ, ತೂಬು, ಕೋಡಿಗಳ ಲೆಕ್ಕಾಚಾರ ಬಲ್ಲ ನಮ್ಮ ಕಡೆಯ ರೈತನಿಗೆ ಆ ಕಟ್ಟಡ ಅಪರಿಚಿತವೆನಿಸದು. ಅನುರಾಧಪುರದವರೆಗೆ 50 ಮೈಲಿಗೂ ಉದ್ದವಾಗಿ ಹರಿಯುವ ಅದರ ಹಳೆಯ ನಾಲೆಯೊಂದಿಗೆ ಕೆರೆಯನ್ನು 1887ರ ಹೊತ್ತಿಗೆ ಜೀರ್ಣೋದ್ಧಾರ ಮಾಡಲಾಯಿತು. ಬುದ್ಧ ಹುಟ್ಟಿದ ವೈಶಾಖ ಹುಣ್ಣಿಮೆಯನ್ನು 1885ರಲ್ಲಿ ಸಾರ್ವಜನಿಕ ರಜೆಯೆಂದು ಘೋಷಿಸಿದ್ದು, ಶಾಸನಸಭೆಯಲ್ಲಿ ಕ್ಯಾಂಡಿ ಸೀಮೆಯ ಸಿಂಹಳರಿಗೂ ಮುಸ್ಲಿಮರಿಗೂ ಒಂದೊಂದು ಸ್ಥಾನ ಕೊಟ್ಟದ್ದು ಈ ಅವಧಿಯಲ್ಲಿಯೇ. ಇದರ ಜೊತೆಗೆ, ಭತ್ತದ ತೆರಿಗೆ ಕಟ್ಟಲಾರದ ವಲಪನೆ ಸೀಮೆಯ ರೈತರ ಗದ್ದೆಗಳು ಹರಾಜಾಗಿ ಸಂಸಾರಗಳು ಬೀದಿಗೆ ಬಿದ್ದ ದಾರುಣ ಸಂಗತಿಯೂ ಇದೇ ಕಾಲದ್ದು. ಆ ತೆರಿಗೆ ರದ್ದಾದದ್ದು ಗಾರ್ಡನ್‌ನ ನಂತರ ಬಂದ ಆರ್ಥರ್ ಹ್ಯಾವ್‌ಲಾಕ್‌ನ ಆಡಳಿತದಲ್ಲಿ, 1892ರಲ್ಲಿ.

1890ರಲ್ಲಿ ಸೇವೆಯಿಂದ ಬಿಡುಗಡೆ ಹೊಂದಿದ ಗಾರ್ಡನ್ 1893ರಲ್ಲಿ ಸ್ಟ್ಯಾನ್‌ಮೋರ್ ಪ್ರಭು ಎಂಬ ಬಿರುದು ಪಡೆದು, ಫಿಜಿಯ ಆಡಳಿತದ ತನ್ನ ಪತ್ರಗಳನ್ನೂ ದಾಖಲೆಗಳನ್ನೂ ನಾಲ್ಕು ಸಂಪುಟಗಳಲ್ಲಿ ಅಚ್ಚು ಮಾಡಿಸಿ, 1912ರ ಜನವರಿ 30ರಂದು ತೀರಿಕೊಂಡನು. ತನ್ನ ಕೆಲಸಗಳಲ್ಲೆಲ್ಲ ಫಿಜಿಯೇ ಮಿಗಿಲೆಂಬ ಅವನ ಎಣಿಕೆಯನ್ನು ಆ ಸಂಪುಟಗಳೇ ಹೇಳುತ್ತವೆ. ಆ ಎಣಿಕೆ ಅರ್ಧ ಮಾತ್ರ ನಿಜ. ಫಿಜಿಯವರು ಹವಾಯಿ, ನ್ಯೂಜಿಲೆಂಡ್‌ಗಳ ಮೂಲನಿವಾಸಿಗಳಂತೆ ನೆಲ ಕಳೆದುಕೊಳ್ಳದೆ ಉಳಿದದ್ದರಲ್ಲಿ ಅವನ ಪಾಲು ದೊಡ್ಡದು. ಆದರೆ ಟ್ರಿನಿಡಾಡಿನಲ್ಲಿ ಕೂಲಿಯವನಿಗೆ ತುಂಡು ನೆಲ ಕೊಟ್ಟ ಅದೇ ಕೈ ಫಿಜಿಯಲ್ಲಿ ಹಾಕಿದ ವ್ಯವಸ್ಥೆಯಲ್ಲಿ, ಗಿರ್ಮಿಟಿಯಾನ ಮೊಮ್ಮಗ ಮರಿಮಗನೂ ಕುಲದವರ ಭೂಮಿಯನ್ನು ಗೇಣಿಗೆ ಪಡೆದು, ಅವಧಿ ಮುಗಿದೊಡನೆ ಮನೆಮಠ ಬಿಟ್ಟೇಳಬೇಕಾದ ಒಕ್ಕಲಾಗಿಯೇ ಉಳಿದನು. 1946ರ ಜನಗಣತಿಯಲ್ಲಿ ಭಾರತೀಯರ ಸಂಖ್ಯೆ ಫಿಜಿಯವರನ್ನು ಮೀರಿದಾಗ ನೆಲ ಒಬ್ಬರಲ್ಲಿ, ದುಡಿಮೆ ಇನ್ನೊಬ್ಬರಲ್ಲಿ ಎಂಬ ಈ ಒಡಕು ರಾಜಕೀಯದ ಭಯವಾಗಿ ಬೆಳೆಯಿತು. ಲಿಯೊನಿಡಾಸ್ ಹಡಗು ದಡ ಮುಟ್ಟಿದ ದಿನದಿಂದ ಸರಿಯಾಗಿ 108 ವರ್ಷಗಳಿಗೆ, 1987ರ ಮೇ 14ರಂದು, ಭಾರತೀಯರ ಬೆಂಬಲದಿಂದ ಗೆದ್ದಿದ್ದ ಸರ್ಕಾರವನ್ನು ಸೇನಾಧಿಕಾರಿ ಸಿತಿವೆನಿ ರಂಬುಕಾ ಉರುಳಿಸಿದರು. ಸಾವಿರಾರು ಭಾರತೀಯ ಕುಟುಂಬಗಳು ಮತ್ತೆ ಹಡಗು, ವಿಮಾನ ಹತ್ತಿ ದೇಶ ಬಿಟ್ಟವು. ಮುಂದೆ ಚುನಾವಣೆಯಲ್ಲಿ ಗೆದ್ದು ಪ್ರಧಾನಿಯಾದ ಅದೇ ರಂಬುಕಾ 2023ರ ಮೇ ತಿಂಗಳಲ್ಲಿ ಆ ಕೃತ್ಯಕ್ಕಾಗಿ ಭಾರತೀಯರ ಕ್ಷಮೆ ಕೇಳಿದರು. ಅದೇ ತಿಂಗಳಲ್ಲಿ ಗಿರ್ಮಿಟ್ ದಿನವನ್ನು ಫಿಜಿ ಮೊದಲ ಬಾರಿಗೆ ಸಾರ್ವಜನಿಕ ರಜೆಯಾಗಿ ಆಚರಿಸಿತು; ನಡುವೆ ಬಂದ ಇನ್ನೊಂದು ಸೈನಿಕ ಆಡಳಿತ 2012ರಲ್ಲಿ ರದ್ದುಮಾಡಿದ್ದ, ಗಾರ್ಡನ್ ಕಟ್ಟಿದ ಮುಖಂಡರ ಮಹಾಸಭೆಯೂ ಅದೇ ತಿಂಗಳ 24ರಂದು ಬಾವು ದ್ವೀಪದಲ್ಲಿ ಮತ್ತೆ ಸೇರಿತು.